ಬೆಂಗಳೂರಿನಲ್ಲಿ ಪಿಎಂಆರ್ ಡಾಕ್ಟರನ್ನು ಹುಡುಕುವ ಬಗೆ

ನಮ್ಮ ಶ್ರೀನಗರ, ಹನುಮಂತನಗರದ ಕಡೆ ಯಾರಿಗಾದರೂ ಲಕ್ವ ಹೊಡೆದರೆ, ಯಾರಾದರೂ ಬೈಕಿನಿಂದ ಬಿದ್ದು ಬೆನ್ನುಮೂಳೆಗೆ ಏಟಾದರೆ ಈಗ ನನಗೊಂದು ಫೋನ್ ಬರುತ್ತದೆ. "ಟೀಚರ್, ನಿಮ್ಮನೆಯವರನ್ನ ಯಾವ ಡಾಕ್ಟರ್ ಹತ್ರ ತೋರಿಸಿದ್ರಿ?" ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ನಮ್ಮನೆಯವರದು ಹಾರ್ಡ್‌ವೇರ್ ಅಂಗಡಿ. ಅವರಿಗೆ 51ನೇ ವಯಸ್ಸಿನಲ್ಲಿ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಎರಡೂ ಬಿದ್ದುಹೋಗಿದ್ದವು. ಹಾಗೆ ಫೋನ್ ಮಾಡಿದವರಿಗೆ ನಾನು ಡಾಕ್ಟರ ಹೆಸರು ಹೇಳುವುದಿಲ್ಲ. ನಮ್ಮ ತೊಂದರೆಗೆ ಸರಿಹೋದವರು ನಿಮ್ಮ ತೊಂದರೆಗೂ ಸರಿಹೋಗಬೇಕು ಅಂತೇನಿಲ್ಲ. ಹುಡುಕುವುದು ಹೇಗೆ ಅನ್ನುವುದನ್ನು ಮಾತ್ರ ಹೇಳುತ್ತೇನೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಪಿಎಂಆರ್ ಅಂದರೆ ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಶನ್. ಸ್ಟ್ರೋಕ್ ಆದಾಗ ನ್ಯೂರೋ ಡಾಕ್ಟರು ಜೀವ ಉಳಿಸಿ, ಮತ್ತೆ ಆಗದಂತೆ ಮಾತ್ರೆ ಬರೆದು ಮನೆಗೆ ಕಳಿಸುತ್ತಾರೆ. ಅವರ ಕೆಲಸ ಅವರು ಮಾಡಿದ್ದಾರೆ. ಆದರೆ ಮನೆಗೆ ಬಂದ ಮೇಲೆ ಬೇರೆ ಪ್ರಶ್ನೆಗಳು ಶುರುವಾಗುತ್ತವೆ. ಕೈ ಬಿಗಿದುಕೊಂಡು ಎದೆಗೆ ಅಂಟಿಕೊಳ್ಳುತ್ತಿದೆ, ಏನು ಮಾಡುವುದು? ಮೂತ್ರ ತಡೆಯಲು ಆಗುತ್ತಿಲ್ಲ, ಯಾರಿಗೆ ಹೇಳುವುದು? ಪಾದ ಜೋಲುಬಿದ್ದು ಹೆಬ್ಬೆರಳು ನೆಲಕ್ಕೆ ತಾಗುತ್ತಿದೆ, ಪಟ್ಟಿ ಹಾಕಬೇಕಾ? ಇವೆಲ್ಲವನ್ನೂ ಒಟ್ಟಿಗೆ ನೋಡುವವರು ಪಿಎಂಆರ್ ಡಾಕ್ಟರು. ಕಾಲು ಕಳೆದುಕೊಂಡವರು, ಬೆನ್ನುಹುರಿಗೆ ಪೆಟ್ಟು ಬಿದ್ದವರು, ತಲೆಗೆ ಏಟಾದವರು, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಸರಿಯಾಗಿ ಆಡದಿರುವುದು) ಇರುವ ಮಕ್ಕಳು, ವರ್ಷಗಟ್ಟಲೆ ಸೊಂಟನೋವು ಇರುವವರು, ಎಲ್ಲರೂ ಇವರ ಬಳಿ ಬರುತ್ತಾರೆ. ಮೆಟ್ಟಿಲು ಹತ್ತುವಾಗ ಮಂಡಿ ಸ್ವಲ್ಪ ನೋಯುತ್ತದೆ ಅಂದರೆ ಇವರವರೆಗೆ ಹೋಗಬೇಕಿಲ್ಲ. ಮನೆ ಹತ್ತಿರದ ಒಳ್ಳೆಯ ಫಿಸಿಯೋ ಸಾಕು.

ಮೊದಲು ಡಿಗ್ರಿ ನೋಡಿ

ಫೋನಿನಲ್ಲಿ "ರಿಹ್ಯಾಬ್ ಸೆಂಟರ್" ಎಂದು ಹುಡುಕಬೇಡಿ. ಕುಡಿತ ಬಿಡಿಸುವ ಕೇಂದ್ರಗಳೇ ಸಾಲಾಗಿ ಬರುತ್ತವೆ. "ಪಿಎಂಆರ್ ಡಾಕ್ಟರ್" ಅಥವಾ "ಫಿಸಿಯಾಟ್ರಿಸ್ಟ್" ಎಂದು ಹಾಕಿ, ಅದು ಇವರದೇ ಇನ್ನೊಂದು ಹೆಸರು. ಎರಡನೆಯದನ್ನು ಹಾಕಿದರೆ ಫೋನು ತಾನೇ ತಿದ್ದಿ ಸೈಕಿಯಾಟ್ರಿಸ್ಟ್ ಮಾಡಿಬಿಡುತ್ತದೆ, ಅದನ್ನೂ ನೋಡಿಕೊಳ್ಳಿ.

ಬೋರ್ಡಿನ ಮೇಲೆ ಡಾಕ್ಟರ್ ಎಂದಿದ್ದರೆ ಸಾಲದು, ಹೆಸರಿನ ಮುಂದೆ ಏನಿದೆ ಎಂದು ಓದಿ. ಎಂಬಿಬಿಎಸ್ ಆದ ಮೇಲೆ ಮೂರು ವರ್ಷ ಓದಿ ಪಡೆಯುವ ಎಂಡಿ ಪಿಎಂಆರ್ ಅಥವಾ ಡಿಎನ್‌ಬಿ ಪಿಎಂಆರ್ ಇರಬೇಕು. ಸ್ವಲ್ಪ ಹಿರಿಯರಾದರೆ ಡಿಪ್ಲೊಮಾ ಇರಬಹುದು, ಡಿಪಿಎಂಆರ್ ಎಂದು ಬರೆದಿರುತ್ತಾರೆ. ಬಿಪಿಟಿ, ಎಂಪಿಟಿ ಎಂದಿದ್ದರೆ ಅವರು ಫಿಸಿಯೋಥೆರಪಿಸ್ಟ್. ಅವರನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ನಮ್ಮನೆಯವರನ್ನು ದಿನಾ ನಿಲ್ಲಿಸಿ ನಡೆಸಿದವರು ಫಿಸಿಯೋನೇ. ಆದರೆ ಬಿಗಿತಕ್ಕೆ ಮಾತ್ರೆ ಬರೆಯುವುದು, ಇಂಜೆಕ್ಷನ್ ಕೊಡುವುದು, ಭುಜದ ನೋವು ಎಲ್ಲಿಂದ ಬರುತ್ತಿದೆ ಎಂದು ಕಂಡುಹಿಡಿಯುವುದು ಡಾಕ್ಟರ ಕೆಲಸ. ಇಬ್ಬರೂ ಬೇಕು.

ಡಿಗ್ರಿ ನಿಜವಾ ಎಂದು ನೋಡುವುದೂ ಕಷ್ಟವಲ್ಲ. ನ್ಯಾಷನಲ್ ಮೆಡಿಕಲ್ ಕಮಿಷನ್ನಿನ ಜಾಲತಾಣದಲ್ಲಿ ಇಂಡಿಯನ್ ಮೆಡಿಕಲ್ ರಿಜಿಸ್ಟರ್ ಇದೆ. ಅದರಲ್ಲಿ ಡಾಕ್ಟರ ಹೆಸರು ಅಥವಾ ನೋಂದಣಿ ಸಂಖ್ಯೆ ಹಾಕಿದರೆ ವಿವರ ಸಿಗುತ್ತದೆ. ನೋಂದಣಿ ಸಂಖ್ಯೆ ಅವರ ಚೀಟಿಯ ಮೇಲೇ ಇರುತ್ತದೆ. ಈ ವಿಭಾಗದ ಡಾಕ್ಟರುಗಳದೇ ಒಂದು ಸಂಘವಿದೆ, ಇಂಡಿಯನ್ ಅಸೋಸಿಯೇಷನ್ ಆಫ್ ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಶನ್, 1972ರಿಂದ ಇದೆ. ಸಂಘದಲ್ಲಿ ಇದ್ದಾರೆ ಎಂದ ಮಾತ್ರಕ್ಕೆ ಒಳ್ಳೆಯ ಡಾಕ್ಟರು ಅಂತಲ್ಲ, ಈ ವಿಷಯ ಓದಿದವರು ಅನ್ನುವುದಕ್ಕೆ ಒಂದು ಗುರುತು ಅಷ್ಟೆ.

ಊರಿನಲ್ಲಿ ಎಲ್ಲೆಲ್ಲಿ ಕೇಳಬಹುದು

ಈ ಡಾಕ್ಟರುಗಳು ಮೂಳೆ ಡಾಕ್ಟರುಗಳ ಹಾಗೆ ಬೀದಿಗೊಬ್ಬರು ಸಿಗುವುದಿಲ್ಲ. ದೊಡ್ಡ ಆಸ್ಪತ್ರೆಗಳಲ್ಲೇ ಜಾಸ್ತಿ. ಕೋರಮಂಗಲದ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಪಿಎಂಆರ್ ವಿಭಾಗವೇ ಇದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ನ್ಯೂರಾಲಾಜಿಕಲ್ ರಿಹ್ಯಾಬಿಲಿಟೇಶನ್ ವಿಭಾಗವಿದೆ. ಮಿದುಳು, ಬೆನ್ನುಹುರಿ, ನರಗಳ ತೊಂದರೆಯಿಂದ ಕೈಕಾಲು ಸೋತವರಿಗೆ ಅದು ಒಳ್ಳೆಯ ಜಾಗ. ಜನ ಜಾಸ್ತಿ ಇರುತ್ತಾರೆ, ಬೆಳಿಗ್ಗೆಯೇ ಹೋಗಬೇಕು, ಕಾಯಬೇಕು. ಖರ್ಚು ಮಾತ್ರ ಖಾಸಗಿಯವರಿಗಿಂತ ತುಂಬಾ ಕಡಿಮೆ. ಉಳಿದ ಖಾಸಗಿ ದೊಡ್ಡಾಸ್ಪತ್ರೆಗಳಲ್ಲಿ ಕೆಲವರು ವಾರಕ್ಕೆ ಎರಡು ಮೂರು ದಿನ ಬಂದು ನೋಡಿ ಹೋಗುತ್ತಾರೆ. ಅದು ಬೋರ್ಡಿನಲ್ಲಿ ಇರುವುದಿಲ್ಲ, ಕೇಳಿಯೇ ತಿಳಿಯಬೇಕು.

ಡಾಕ್ಟರಲ್ಲದೆ ಇನ್ನೂ ಕೆಲವು ಸಂಸ್ಥೆಗಳು ಗೊತ್ತಿರಲಿ. ಲಿಂಗರಾಜಪುರದಲ್ಲಿ ಎಪಿಡಿ, ಅಂದರೆ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ, 1959ರಿಂದ ಕೆಲಸ ಮಾಡುತ್ತಿದೆ. ಬೆನ್ನುಹುರಿ ಪೆಟ್ಟಾದವರ ಜೊತೆ ಇವರ ಕೆಲಸ ತುಂಬಾ ಇದೆ. ಜೆ.ಪಿ. ನಗರದಲ್ಲಿ ಮೊಬಿಲಿಟಿ ಇಂಡಿಯಾ ಇದೆ, ಕೃತಕ ಕಾಲು, ಕಾಲಿನ ಪಟ್ಟಿ, ವೀಲ್‌ಚೇರ್ ಅಳತೆ ತೆಗೆದು ಮಾಡಿಕೊಡುತ್ತಾರೆ. ಸೆರೆಬ್ರಲ್ ಪಾಲ್ಸಿ ಮಗುವಿದ್ದರೆ ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ. ಈ ಮೂರು ಕಡೆಯವರಿಗೂ ಊರಿನ ಪಿಎಂಆರ್ ಡಾಕ್ಟರುಗಳ ಪರಿಚಯ ಇದ್ದೇ ಇರುತ್ತದೆ. "ನಮ್ಮ ಏರಿಯಾಗೆ ಹತ್ತಿರ ಯಾರಿದ್ದಾರೆ?" ಎಂದು ಕೇಳಿದರೆ ಬೇಗ ಉತ್ತರ ಸಿಗುತ್ತದೆ.

ವೆಲ್ಲೂರಿಗೆ ಹೋಗಬೇಕಾ ಎಂದು ತುಂಬಾ ಜನ ಕೇಳುತ್ತಾರೆ. ಅಲ್ಲಿನ ಸಿಎಂಸಿ, ಅಂದರೆ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆಸ್ಪತ್ರೆಯ ಪಿಎಂಆರ್ ವಿಭಾಗ ದೇಶದಲ್ಲೇ ಹೆಸರಾದದ್ದು. ಅದನ್ನು ಕಟ್ಟಿದ ಡಾ. ಮೇರಿ ವರ್ಗೀಸ್ ಅವರಿಗೆ 1954ರಲ್ಲಿ ರಸ್ತೆ ಅಪಘಾತವಾಗಿ ಸೊಂಟದ ಕೆಳಗೆ ಸ್ವಾಧೀನ ಹೋಗಿತ್ತು. ವೀಲ್‌ಚೇರಿನಲ್ಲಿ ಕೂತೇ ಕುಷ್ಠರೋಗಿಗಳ ಕೈಗೆ ಆಪರೇಷನ್ ಮಾಡಿದರು, ಆಮೇಲೆ ಈ ವಿಭಾಗವನ್ನು ನಡೆಸಿದರು. ನಮ್ಮನೆಯವರಿಗೆ ಈ ಕತೆ ಹೇಳಿದಾಗ ಅವರು ಮಾತಾಡಲಿಲ್ಲ, ಆದರೆ ಮಾರನೇ ದಿನ ಫಿಸಿಯೋ ಬಂದಾಗ ಗೊಣಗಲಿಲ್ಲ! ಬೆನ್ನುಹುರಿ ಪೆಟ್ಟಿನಂಥ ದೊಡ್ಡ ತೊಂದರೆಗೆ, ಒಳರೋಗಿಯಾಗಿ ಇದ್ದು ಕಲಿಯಲು ವೆಲ್ಲೂರು ಒಳ್ಳೆಯದೇ. ಕಾಟ್ಪಾಡಿವರೆಗೆ ರೈಲಿದೆ. ಆದರೆ ಪ್ರತಿ ತಿಂಗಳ ತಪಾಸಣೆಗೆ ಅಲ್ಲಿಗೆ ಓಡಾಡುವುದು ರೋಗಿಗೂ ಕಷ್ಟ, ಜೊತೆಗೆ ಹೋಗುವವರಿಗೂ ಕಷ್ಟ.

ನನ್ನ ಲೆಕ್ಕ ಹೀಗಿದೆ. ಡಾಕ್ಟರು ಸ್ವಲ್ಪ ದೂರವಿದ್ದರೂ ನಡೆಯುತ್ತದೆ, ತಿಂಗಳಿಗೊಮ್ಮೆ ಹೋದರೆ ಸಾಕು. ಫಿಸಿಯೋ ಮಾತ್ರ ಹತ್ತು ನಿಮಿಷದ ಆಟೋ ದೂರದಲ್ಲಿ ಇರಬೇಕು, ಇಲ್ಲ ಮನೆಗೇ ಬರಬೇಕು. ಲಕ್ವ ಆದವರನ್ನು ವಾರಕ್ಕೆ ನಾಲ್ಕು ದಿನ ಸಿಲ್ಕ್ ಬೋರ್ಡ್ ದಾಟಿಸಿ ಕರೆದೊಯ್ಯುತ್ತೇವೆ ಎಂದು ಹೇಳುವವರು ಎರಡನೇ ವಾರಕ್ಕೇ ನಿಲ್ಲಿಸುತ್ತಾರೆ. ಟ್ರಾಫಿಕ್ಕಿನಲ್ಲಿ ಸೋತು ಹೋದವರಿಗೆ ವ್ಯಾಯಾಮ ಮಾಡುವ ಶಕ್ತಿ ಎಲ್ಲಿ ಉಳಿಯುತ್ತದೆ?

ಫೋನ್ ಮಾಡಿದಾಗ

ಆಸ್ಪತ್ರೆಗೆ ಫೋನ್ ಮಾಡಿ "ಪಿಎಂಆರ್ ಓಪಿಡಿ ಇದೆಯಾ?" ಎಂದರೆ ಎದುರಿನ ಹುಡುಗಿ "ಫಿಸಿಯೋಥೆರಪಿನಾ ಮೇಡಂ? ಇದೆ, ಬೇಸ್‌ಮೆಂಟ್‌ನಲ್ಲಿ" ಎನ್ನುತ್ತಾಳೆ. ಬೇಜಾರಾಗಬೇಡಿ. "ಅಲ್ಲಮ್ಮ, ಫಿಸಿಯೋ ಅಲ್ಲ. ಎಂಡಿ ಪಿಎಂಆರ್ ಮಾಡಿರೋ ಡಾಕ್ಟರ್ ಯಾವ ದಿನ ಇರ್ತಾರೆ?" ಎಂದು ಕೇಳಿ. ಆಗಲೂ ಗೊತ್ತಿಲ್ಲ ಎಂದರೆ ಫಿಸಿಯೋಥೆರಪಿ ವಿಭಾಗಕ್ಕೇ ಲೈನ್ ಕೊಡಲು ಹೇಳಿ. ಒಳಗಿನ ಫಿಸಿಯೋಗಳಿಗೆ ಯಾವ ಡಾಕ್ಟರು ಯಾವಾಗ ಬರುತ್ತಾರೆ ಎಂದು ಚೆನ್ನಾಗಿ ಗೊತ್ತಿರುತ್ತದೆ. ಡಾಕ್ಟರು ಹೇಗೆ ನೋಡುತ್ತಾರೆ ಅನ್ನುವುದೂ ಗೊತ್ತಿರುತ್ತದೆ.

ಅದೇ ಫೋನಿನಲ್ಲಿ ಇನ್ನೂ ಕೆಲವನ್ನು ಕೇಳಿಬಿಡಿ. ಸ್ಟ್ರೋಕ್ ರೋಗಿಗಳನ್ನು ಜಾಸ್ತಿ ನೋಡುತ್ತಾರಾ, ಇಲ್ಲ ಬೆನ್ನುನೋವಿನವರನ್ನಾ? ಮಾತಿನ ಥೆರಪಿಸ್ಟ್, ಊಟ, ಬಟ್ಟೆಯಂಥ ದಿನದ ಕೆಲಸಗಳನ್ನು ಮತ್ತೆ ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಅಲ್ಲೇ ಇದ್ದಾರಾ? ಕಾರು ಬಾಗಿಲವರೆಗೆ ಬರುತ್ತದಾ, ವೀಲ್‌ಚೇರ್ ಕೊಡುತ್ತಾರಾ, ಲಿಫ್ಟ್ ಇದೆಯಾ, ವೀಲ್‌ಚೇರ್ ಹೋಗುವಂಥ ಟಾಯ್ಲೆಟ್ ಇದೆಯಾ? ಕೊನೆಯದನ್ನು ಕೇಳಲು ಎಲ್ಲರಿಗೂ ಸಂಕೋಚ. ನಾವು ಒಂದು ಕಡೆ ಹೋಗಿದ್ದೆವು, ಹೆಸರು ಬೇಡ. ಕೈಕಾಲು ಸೋತವರನ್ನೇ ನೋಡುವ ಆ ಜಾಗದಲ್ಲಿ ಟಾಯ್ಲೆಟ್ಟಿಗೆ ಎರಡು ಮೆಟ್ಟಿಲು ಹತ್ತಬೇಕಿತ್ತು. ಅಂಥವರು ನಮ್ಮ ಮನೆಯ ಬಚ್ಚಲಿನ ಬಗ್ಗೆ ಏನು ಸಲಹೆ ಕೊಟ್ಟಾರು?

ಇನ್ನೊಂದು ಮಾತು. ನಿಮ್ಮವರು ಇನ್ನೂ ಆಸ್ಪತ್ರೆಯಲ್ಲೇ ಇದ್ದರೆ ಡಿಸ್ಚಾರ್ಜ್ ಆಗುವ ಮೊದಲೇ ಕೇಳಿ. ವಾರ್ಡಿನ ರೌಂಡ್ಸಿಗೆ ಬಂದ ಡಾಕ್ಟರಿಗೆ "ಪಿಎಂಆರ್ ಒಪೀನಿಯನ್ ಬರೆದುಕೊಡ್ತೀರಾ ಸಾರ್?" ಎಂದರೆ ಸಾಕು, ಅದೇ ಆಸ್ಪತ್ರೆಯಲ್ಲಿ ಇದ್ದರೆ ಹಾಸಿಗೆ ಹತ್ತಿರವೇ ಬಂದು ನೋಡುತ್ತಾರೆ. ಸ್ಟ್ರೋಕ್ ಆದ ಮೇಲೆ ಮೊದಲ ಮೂರು ತಿಂಗಳಲ್ಲಿ ಸುಧಾರಣೆ ಎಲ್ಲಕ್ಕಿಂತ ವೇಗವಾಗಿ ಇರುತ್ತದೆ. ಆರು ತಿಂಗಳಾದ ಮೇಲೆ ನಿಧಾನವಾಗುತ್ತದೆ, ನಿಂತೇ ಹೋಗುವುದಿಲ್ಲ. ಅದಕ್ಕೇ "ಸ್ವಲ್ಪ ಚೇತರಿಸಿಕೊಳ್ಳಲಿ, ಆಮೇಲೆ ನೋಡೋಣ" ಎಂದು ಮುಂದಕ್ಕೆ ಹಾಕಬಾರದು.

ಚೀಲದಲ್ಲಿ ಏನಿರಬೇಕು

ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನಿನ ರಿಪೋರ್ಟು, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಸ್ಟ್ರಿಪ್ಪುಗಳು. ಇವನ್ನು ಎಲ್ಲರೂ ತರುತ್ತಾರೆ. ನಾನು ಜೊತೆಗೆ ಇನ್ನೆರಡು ಹೇಳುತ್ತೇನೆ.

ಒಂದು, ಫೋನಿನಲ್ಲಿ ವಿಡಿಯೋ. ಮನೆಯಲ್ಲಿ ನಡೆಯುವುದನ್ನು ಮುಂದಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ತೆಗೆಯಿರಿ. ಮಂಚದಿಂದ ಏಳುವುದು, ನೀರು ಕುಡಿಯುವುದು, ಅಂಗಿ ಹಾಕಿಕೊಳ್ಳುವುದು. ಡಾಕ್ಟರ ಎದುರಿಗೆ ಎಲ್ಲರೂ ಎದೆಯುಬ್ಬಿಸಿ ಚೆನ್ನಾಗಿ ನಡೆದುಬಿಡುತ್ತಾರೆ. ಸಂಜೆ ಏಳು ಗಂಟೆಗೆ ಸುಸ್ತಾದಾಗಿನ ನಡಿಗೆಯೇ ಬೇರೆ, ಅದು ಡಾಕ್ಟರಿಗೆ ಗೊತ್ತಾಗಬೇಕು.

ಇನ್ನೊಂದು, ಮನೆಯ ಅಳತೆ. ನಮ್ಮ ಬೆಂಗಳೂರಿನ ಮೂವತ್ತು ನಲವತ್ತು ಸೈಟಿನ ಮನೆಗಳು ಗೊತ್ತಲ್ಲ, ಮೆಟ್ಟಿಲು ಕಡಿದು, ಬಚ್ಚಲ ಬಾಗಿಲು ಕಿರಿದು, ಮಳೆನೀರು ಬರದಿರಲಿ ಎಂದು ಎತ್ತರಿಸಿದ ಹೊಸ್ತಿಲು. ಟೇಪ್ ತೆಗೆದುಕೊಂಡು ಬಚ್ಚಲ ಬಾಗಿಲಿನ ಅಗಲ, ಹೊಸ್ತಿಲಿನ ಎತ್ತರ, ಕಮೋಡಿನ ಎತ್ತರ, ಮೆಟ್ಟಿಲ ಎತ್ತರ ಬರೆದುಕೊಳ್ಳಿ, ಫೋಟೋ ತೆಗೆಯಿರಿ. ಸಾಮಾನ್ಯ ವೀಲ್‌ಚೇರು ಸುಮಾರು 24ರಿಂದ 26 ಇಂಚು ಅಗಲ ಇರುತ್ತದೆ. ಬಾಗಿಲು 24 ಇಂಚು ಇದ್ದರೆ ಅಂಗಡಿಯವರು ತೋರಿಸಿದ ಮೊದಲನೇ ಚೇರನ್ನು ತಂದರೆ ಅದು ಹಾಲ್‌ನಲ್ಲೇ ಉಳಿಯುತ್ತದೆ. ಚೇರು ಕೊಳ್ಳುವ ಮೊದಲು ಡಾಕ್ಟರನ್ನು ಕೇಳಿ. ಕೂರುವವರ ಸೊಂಟದ ಅಳತೆಗೂ ಅದು ಹೊಂದಬೇಕು.

ಮೊದಲ ಭೇಟಿಯಲ್ಲಿ ತಿಳಿಯುತ್ತದೆ

ಒಳ್ಳೆಯ ಪಿಎಂಆರ್ ಡಾಕ್ಟರು ಸ್ಕ್ಯಾನ್ ನೋಡುವುದಕ್ಕಿಂತ ಜಾಸ್ತಿ ಹೊತ್ತು ಮನುಷ್ಯನನ್ನು ನೋಡುತ್ತಾರೆ. ಮೊಣಕೈಯನ್ನು ಒಮ್ಮೆ ನಿಧಾನವಾಗಿ, ಒಮ್ಮೆ ಜೋರಾಗಿ ಮಡಿಸಿ ಬಿಚ್ಚುತ್ತಾರೆ. ಜೋರಾಗಿ ಮಾಡಿದಾಗ ತಡೆದರೆ ಅದು ನರದಿಂದ ಬಂದ ಬಿಗಿತ, ನಿಧಾನವಾಗಿ ಮಾಡಿದರೂ ಬರದಿದ್ದರೆ ಕೀಲೇ ಗಟ್ಟಿಯಾಗಿದೆ. ಎರಡಕ್ಕೂ ಮದ್ದು ಬೇರೆ. ಭುಜ ಮುಟ್ಟಿ ಕೀಲು ಜಾರಿದೆಯಾ ನೋಡುತ್ತಾರೆ. ಕುರ್ಚಿಯಿಂದ ಏಳಿಸುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಹಿಮ್ಮಡಿ, ಸೊಂಟದ ಹಿಂಭಾಗ ನೋಡಿ ಹಾಸಿಗೆ ಹುಣ್ಣು ಶುರುವಾಗಿದೆಯಾ ಎಂದು ನೋಡುತ್ತಾರೆ. ನೀರು ಕುಡಿಯುವಾಗ ಕೆಮ್ಮು ಬರುತ್ತದಾ, ರಾತ್ರಿ ಮೂತ್ರಕ್ಕೆ ಎಷ್ಟು ಸಲ ಏಳುತ್ತಾರೆ, ನಿದ್ರೆ ಹೇಗೆ, ಅಳುತ್ತಾರಾ ಎಂದು ಕೇಳುತ್ತಾರೆ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ವ್ಯಾಯಾಮಕ್ಕೆ ಸೋಮಾರಿತನ ಮಾಡುತ್ತಾರೆ ಎಂದು ನಾವು ಬೈಯುವುದು ಎಷ್ಟೋ ಸಲ ಇದನ್ನೇ.

ಇಷ್ಟೆಲ್ಲಾ ಆದ ಮೇಲೆ ಒಂದು ಪ್ರಶ್ನೆ ಬರಬೇಕು. ನಮ್ಮ ಡಾಕ್ಟರು ನನ್ನ ಕಡೆ ತಿರುಗಲಿಲ್ಲ, ನಮ್ಮನೆಯವರನ್ನೇ ಕೇಳಿದರು. "ಯಜಮಾನ್ರೇ, ಮೂರು ತಿಂಗಳಲ್ಲಿ ನಿಮಗೆ ಏನು ಮಾಡೋಕೆ ಬರಬೇಕು?" ಮಾತು ತೊದಲುತ್ತಿತ್ತು. "ಅಂಗಡಿ" ಎಂದರು. ಬಾಗಿಲು ಎತ್ತುವುದಾ, ಸಾಮಾನು ಕೊಡುವುದಾ, ಗಲ್ಲಾದಲ್ಲಿ ಕೂರುವುದಾ ಎಂದು ಡಾಕ್ಟರು ಒಂದೊಂದಾಗಿ ಕೇಳಿ, ಎರಡು ಗಂಟೆ ಗಲ್ಲಾದಲ್ಲಿ ಕೂತು ಎಡಗೈಯಲ್ಲಿ ಬಿಲ್ ಬರೆಯುವುದು ಎಂದು ಗೊತ್ತುಮಾಡಿದರು. ಅಲ್ಲಿಂದ ಎಲ್ಲಾ ಥೆರಪಿಯೂ ಅದಕ್ಕೆ ತಕ್ಕಂತೆ ಬದಲಾಯಿತು. ಬೆನ್ನಿಗೆ ಆಧಾರವಿಲ್ಲದ ಸ್ಟೂಲಿನ ಮೇಲೆ ಕೂರುವುದು, ಎಡಗೈ ಬರವಣಿಗೆ, ಅಂಗಡಿಯ ಎರಡು ಮೆಟ್ಟಿಲು. ಈ ಪ್ರಶ್ನೆ ಕೇಳದ ಡಾಕ್ಟರಿಗೆ ಎಷ್ಟು ಡಿಗ್ರಿ ಇದ್ದರೂ ನಾನಂತೂ ಇನ್ನೊಬ್ಬರನ್ನು ಹುಡುಕುತ್ತೇನೆ.

ಬರೆದುಕೊಟ್ಟ ಚೀಟಿಯನ್ನೂ ನೋಡಿ. ಸುಮ್ನೆ "ಫಿಸಿಯೋಥೆರಪಿ" ಎಂದು ಒಂದು ಪದ ಬರೆದಿದ್ದರೆ ಫಿಸಿಯೋಗೆ ಅದರಿಂದ ಏನೂ ತಿಳಿಯುವುದಿಲ್ಲ. ಏನು ಮಾಡಿಸಬೇಕು, ವಾರಕ್ಕೆ ಎಷ್ಟು ಸಲ, ಯಾವುದನ್ನು ಮಾಡಬಾರದು ಎಂದಿರಬೇಕು. ಸೋತ ಕೈಯನ್ನು ಹಿಡಿದು ಎಳೆದು ಎಬ್ಬಿಸಬಾರದು ಎಂಬುದನ್ನು ನಮ್ಮ ಚೀಟಿಯಲ್ಲಿ ದೊಡ್ಡದಾಗಿ ಬರೆದಿದ್ದರು. ನೋಡಲು ಬಂದ ನೆಂಟರೆಲ್ಲ ಪ್ರೀತಿಯಿಂದ ಮಾಡುವುದು ಅದನ್ನೇ ಅಲ್ವಾ?

ಬಿಗಿತಕ್ಕೆ ಬ್ಯಾಕ್ಲೋಫೆನ್ ಥರದ ಮಾತ್ರೆ ಕೊಟ್ಟರೆ ತೂಕಡಿಕೆ ಬರಬಹುದು. ಅದು ಜಾಸ್ತಿಯಾದರೆ ಡಾಕ್ಟರಿಗೆ ಹೇಳಿ ಕಡಿಮೆ ಮಾಡಿಸಿ, ನೀವಾಗಿ ಒಂದೇ ದಿನ ನಿಲ್ಲಿಸಬೇಡಿ, ಅಪಾಯ. ಕೆಲವರಿಗೆ ಬಿಗಿದ ಸ್ನಾಯುವಿಗೇ ಬೊಟುಲಿನಮ್ ಇಂಜೆಕ್ಷನ್ ಹೇಳುತ್ತಾರೆ. ಸಿನಿಮಾದವರು ಸುಕ್ಕಿಗೆ ಹಾಕಿಸಿಕೊಳ್ಳುವ ಬೋಟಾಕ್ಸೇ ಅದು. ಬೆಲೆ ಜಾಸ್ತಿ, ಅದರ ಪರಿಣಾಮ ಸುಮಾರು ಮೂರು ತಿಂಗಳು ಇರುತ್ತದೆ. ಆ ಮೂರು ತಿಂಗಳಲ್ಲಿ ದಿನಾ ಥೆರಪಿ ಮಾಡಿದರೆ ಮಾತ್ರ ಲಾಭ. "ಇಂಜೆಕ್ಷನ್ ಆದ ಮೇಲೆ ಏನು ಮಾಡಿಸುತ್ತೀರಿ?" ಎಂದು ಕೇಳಿ. ಉತ್ತರ ಇಲ್ಲದಿದ್ದರೆ ದುಡ್ಡು ಇಟ್ಟುಕೊಳ್ಳಿ.

ಯಾರಿಂದ ದೂರವಿರಬೇಕು

ಗ್ಯಾರಂಟಿ ಕೊಡುವವರಿಂದ. ನೂರಕ್ಕೆ ನೂರು ನಡೆಸುತ್ತೇವೆ ಎಂದು ಮೂರು ತಿಂಗಳ ಪ್ಯಾಕೇಜಿನ ಹಣ ಮುಂಗಡ ಕೇಳುವವರಿಂದ. ಸ್ಟೆಮ್ ಸೆಲ್ ಹಾಕುತ್ತೇವೆ ಎನ್ನುವವರಿಂದ ಇನ್ನೂ ದೂರ. ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ, ಕೆಲವು ರಕ್ತದ ಕಾಯಿಲೆಗಳಿಗೆ ಮಾಡುವ ಕಸಿ ಬಿಟ್ಟರೆ ಉಳಿದದ್ದೆಲ್ಲ ಪ್ರಯೋಗದ ಹಂತದಲ್ಲೇ ಇರಬೇಕು, ದುಡ್ಡು ಪಡೆದು ಚಿಕಿತ್ಸೆ ಎಂದು ಮಾರುವಂತಿಲ್ಲ.

ಪಾರಿವಾಳದ ರಕ್ತ ಹಚ್ಚಿ ಎಂದವರೂ ನಮ್ಮ ಮನೆಗೆ ಬಂದಿದ್ದರು. ಆಂಧ್ರದ ಗಡಿಯ ಹಳ್ಳಿಗೆ ಹೋಗಿ ಔಷಧಿ ತನ್ನಿ ಎಂದವರಂತೂ ಲೆಕ್ಕವಿಲ್ಲ. ಅತ್ತೆಯ ಸಮಾಧಾನಕ್ಕೆ ಎಣ್ಣೆ ತಿಕ್ಕಲು ನಾನು ಬೇಡ ಎನ್ನಲಿಲ್ಲ. ಭುಜವನ್ನು ಎಳೆಯಬಾರದು, ಬಿಪಿ ಮಾತ್ರೆ ನಿಲ್ಲಿಸಬಾರದು ಎಂಬ ಎರಡು ಷರತ್ತು ಹಾಕಿದೆ, ಅಷ್ಟೆ.

ಮುಖ ಮತ್ತೆ ಸೊಟ್ಟಗಾದರೆ, ಇದ್ದಕ್ಕಿದ್ದಂತೆ ಇನ್ನೊಂದು ಕೈ ಸೋತರೆ, ಮಾತು ನಿಂತರೆ ಪಿಎಂಆರ್ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆಯ ಗಡುವಿದೆ, ನೇರ ಎಮರ್ಜೆನ್ಸಿಗೆ ಹೋಗಿ. ಸೋತ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೂ ಅಂದೇ ತೋರಿಸಿ, ತಿಕ್ಕಬೇಡಿ.

ದುಡ್ಡು, ಕಾರ್ಡು

ಮೆಡಿಕಲ್ ಇನ್ಶೂರೆನ್ಸ್ ಇದ್ದರೆ ಪಾಲಿಸಿಯಲ್ಲಿ ಡಿಸ್ಚಾರ್ಜ್ ಆದ ಮೇಲಿನ ಖರ್ಚು ಎಷ್ಟು ದಿನದವರೆಗೆ ಎಂದು ನೋಡಿ. ಅನೇಕ ಪಾಲಿಸಿಗಳಲ್ಲಿ 60 ದಿನ, ಕೆಲವದರಲ್ಲಿ 90. ಆ ಅವಧಿಯ ಫಿಸಿಯೋ ಖರ್ಚು ಕೇಳಬೇಕಾದರೆ ಡಾಕ್ಟರು ಬರೆದ ಚೀಟಿ, ದಿನಾಂಕ ಹಾಕಿದ ಬಿಲ್ಲು ಎರಡೂ ಬೇಕಾಗುತ್ತವೆ. ಮನೆಗೆ ಬರುವ ಫಿಸಿಯೋಗೆ ಕೈಯಲ್ಲಿ ದುಡ್ಡು ಕೊಟ್ಟು ಸುಮ್ಮನಾಗಬೇಡಿ, ರಸೀದಿ ಕೇಳಿ. ಆಸ್ಪತ್ರೆಯವರು ದರಪಟ್ಟಿಯನ್ನು ಕಾಣುವಂತೆ ಹಾಕಿರಬೇಕು ಎಂದು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ. ಕಾಣದಿದ್ದರೆ ಕೇಳಿ ಪಡೆಯಿರಿ.

ಅಂಗವೈಕಲ್ಯ ಉಳಿದುಹೋಗುವ ಹಾಗಿದ್ದರೆ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿನ ಬಗ್ಗೆ ಇದೇ ಡಾಕ್ಟರನ್ನು ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ಹೆಚ್ಚಿನ ಸೌಲಭ್ಯಗಳಿಗೆ ಅಂಗವೈಕಲ್ಯ ಕನಿಷ್ಠ 40 ಶೇಕಡಾ ಇರಬೇಕು. ಅರ್ಜಿ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಹಾಕುತ್ತಾರೆ, ತಪಾಸಣೆ ಸರ್ಕಾರಿ ಆಸ್ಪತ್ರೆಯಲ್ಲಿ ಆಗುತ್ತದೆ. ಪಿಎಂಆರ್ ಡಾಕ್ಟರು ಬರೆದ ವಿವರವಾದ ವರದಿ ಜೊತೆಗಿದ್ದರೆ ಅಲ್ಲಿ ವಿವರಿಸುವ ಕೆಲಸ ತಪ್ಪುತ್ತದೆ. "ಕಾರ್ಡು ಮಾಡಿಸಿದರೆ ಶಾಶ್ವತ ಅಂಗವಿಕಲ ಅಂತ ಆಗಿಹೋಗುತ್ತೆ" ಎಂದು ಹಿಂಜರಿಯುವವರಿದ್ದಾರೆ. ಚೇತರಿಸಿಕೊಳ್ಳುವ ಸಾಧ್ಯತೆ ಇದ್ದರೆ ಅವಧಿ ಹಾಕಿದ ಸರ್ಟಿಫಿಕೇಟನ್ನೇ ಕೊಡುತ್ತಾರೆ.

ಎರಡನೇ ಭೇಟಿಗೆ ಹೋಗುವ ಮೊದಲು ಫಿಸಿಯೋ ಕೈಯಲ್ಲಿ ಅರ್ಧ ಪುಟ ಬರೆಸಿಕೊಳ್ಳಿ. ಏನು ಮಾಡಿಸಿದರು, ಯಾವುದು ಬಂತು, ಯಾವುದರಲ್ಲಿ ನೋವಾಯಿತು. ಡಾಕ್ಟರು ಅದನ್ನು ಓದಿ ಚೀಟಿಯನ್ನು ಬದಲಾಯಿಸಿದರೆ ಸರಿ. ಮಡಿಸಿ ಪಕ್ಕಕ್ಕಿಟ್ಟು ಹಳೆಯದನ್ನೇ ಮುಂದುವರಿಸಿ ಎಂದರೆ ಒಂದು ತಿಂಗಳು ನೋಡಿ. ಆಮೇಲೆ ಕಾಗದಗಳನ್ನೆಲ್ಲ ಜೆರಾಕ್ಸ್ ಮಾಡಿಸಿಕೊಂಡು ಬೇರೆ ಪಿಎಂಆರ್ ಡಾಕ್ಟರಿಗೆ ತೋರಿಸಿ. ಅದಕ್ಕೆ ಮೊದಲಿನವರ ಒಪ್ಪಿಗೆ ಬೇಕಿಲ್ಲ.